ನಾಲ್ಕಿಂಚಿನ ಹಿಂಜಸ್ಸು

ಆ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಕೆಲಸ ಮಾಡುತ್ತಿದ್ದ ಜೆ.ಪಿ. ನಗರದ ಹಾರ್ಡ್‌ವೇರ್ ಅಂಗಡಿ ತಲುಪಿದಾಗ ಅಂಗಡಿಯ ಮಾಲೀಕರು ಆಗಲೇ ಷಟರ್ ಎತ್ತಿದ್ದರು. ಎಂದಿನಂತೆ ಎರಡು ಕಬ್ಬಿಣದ ನಟ್ಟುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಕಟಕಟ ಎನಿಸುತ್ತಾ ಮೆಟ್ಟಿಲ ಮೇಲೆ ನಿಂತು ರಸ್ತೆ ನೋಡುತ್ತಿದ್ದರು. ನಾನು ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿದೆ. ಒಬ್ಬ ಬಡಗಿ ಬಂದು ಎರಡು ಟವರ್ ಬೋಲ್ಟ್ ತೆಗೆದುಕೊಂಡು ಹೋದ. ಆಮೇಲೆ ಪಕ್ಕದ ಕ್ರಾಸಿನ ಹೆಂಗಸೊಬ್ಬರು ತೊಟ್ಟಿಕ್ಕುವ ನಲ್ಲಿಯನ್ನೇ ಬಿಚ್ಚಿ ಸೆರಗಿನಲ್ಲಿ ಸುತ್ತಿಕೊಂಡು ಬಂದರು.

"ಇಂಥದ್ದೇ ಕೊಡಿ ಸಾರ್."

ಅವರು ನಲ್ಲಿಯನ್ನು ಹಿಂದುಮುಂದು ತಿರುಗಿಸಿ, "ಕೊಡ್ತೀನಿ ಮೇಡಂ. ಹತ್ತು ಗಂಟೆಗೆ ನೀರು ಬಿಡ್ತಾರೆ. ವಾಲ್ವ್ ಮುಚ್ಚಿ ಬಂದಿದ್ದೀರ ತಾನೇ?" ಎಂದರು.

ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡು ಓಡಿದರು. ಕಾಲು ಗಂಟೆಯ ಮೇಲೆ ಅರ್ಧ ಒದ್ದೆಯಾದ ಸೀರೆಯಲ್ಲಿ ವಾಪಸು ಬಂದಾಗ ನಾವಿಬ್ಬರೂ ನಗು ನುಂಗಿಕೊಂಡು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು.

ಹನ್ನೊಂದಕ್ಕೆ ಟೀ ಬಂತು. ಅವರು ಲೋಟ ಹಿಡಿದುಕೊಂಡು ಗೋಡೆಯ ಡ್ರಾಯರ್‌ಗಳ ಮುಂದೆ ಆಚೀಚೆ ಓಡಾಡಿದರು. ಮೂರನೇ ಸಾಲಿನ ಏಳನೇ ಡ್ರಾಯರಿನ ಮುಂದೆ ನಿಂತು, ಅದರ ಮೇಲೆ ತಂತಿಯಿಂದ ಕಟ್ಟಿದ್ದ ನಾಲ್ಕಿಂಚಿನ ಹಿಂಜಸ್ಸನ್ನು ಬಿಚ್ಚಿದರು. ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ಕಬ್ಬಿಣದ ಹಿಂಜಸ್ಸು, ಬೆಂಗಳೂರಿನೊಳಗೇ ಇರುವ ನಮ್ಮ ಸಿದ್ದಾಪುರದ ವರ್ಕ್‌ಶಾಪಿನಲ್ಲಿ ಮಾಡಿದ್ದು. ಪುಸ್ತಕದ ಹಾಗೆ ಅದನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ನನ್ನ ಕಡೆ ತಿರುಗಿದರು.

"ಇದು ಅಲ್ಲಿ ತಡೀತದಲ್ವೇನಮ್ಮಾ?"

ಅಲ್ಲಿ ಎಂದರೆ ಕೊಲಂಬೊ. ನಾನು, "ತಡೀತದೆ ಅಣ್ಣ" ಎಂದೆ. ಅವರು ಅದನ್ನು ಷರಟಿನ ಜೇಬಿಗೆ ಹಾಕಿಕೊಂಡರು. ಸೋಮವಾರ ಕೊಲಂಬೊ ಅಂಗಡಿಯ ಕಾಗದಗಳಿಗೆ ಸಹಿ ಹಾಕಿದರು. ಅಲ್ಲಿಂದಾಚೆಗೆ ಅಂಥ ಶನಿವಾರ ಮತ್ತೆ ಬರಲಿಲ್ಲ.

ಅವರು ತೀರಿಕೊಂಡು ಐದು ತಿಂಗಳಾಯಿತು. "ಅಷ್ಟು ವರ್ಷ ಜೊತೇಲಿದ್ದೋಳು ನೀನು, ನೆನಪಾದದ್ದು ಬರೆದಿಡು" ಎಂದು ಅವರ ಹೆಂಡತಿ ಹೇಳಿದರು. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಬರೆಯಲು ಕೂತರೆ ಎರಡು ಸಾಲಿಗೊಮ್ಮೆ ಎದ್ದು ಏನಾದರೂ ಒರೆಸುವ ಹಾಗಾಗುತ್ತದೆ. ಈ ಚಟ ಅಣ್ಣನಿಂದಲೇ ಬಂದಿರಬೇಕು. ಅವರು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಗಲ್ಲಾದ ಹಿಂದೆ ಒಂದು ಸ್ಟೂಲ್ ಇತ್ತು. ಅದರ ಮೇಲೆ ಸದಾ ಪೇಂಟ್ ಡಬ್ಬ ಇರುತ್ತಿತ್ತು.

ನಾನು ಅಂಗಡಿ ಸೇರಿದ್ದು ಒಂದು ಜಗಳದಿಂದ. ತೊಂಬತ್ತರ ದಶಕದ ಶುರುವಿನಲ್ಲಿ, ಮದುವೆಯಾಗಿ ಸಿದ್ದಾಪುರಕ್ಕೆ ಬಂದ ಹೊಸತರಲ್ಲಿ, ಅವರ ಅಂಗಡಿಯಿಂದ ಕೊಂಡ ಚಿಲಕವನ್ನು ಹಿಂತಿರುಗಿಸಲು ಹೋಗಿದ್ದೆ.

"ಏನಾಗಿದೆ ಇದಕ್ಕೆ?"

"ತೂತು ಅಂಚಿಗೆ ಹತ್ತಿರ ಇದೆ. ಸ್ಕ್ರೂ ಹೊಡೆದ್ರೆ ಮರ ಸೀಳುತ್ತೆ."

"ಯಾರು ಹೇಳಿದ್ರು? ನಿಮ್ಮೆಜಮಾನ್ರಾ?"

"ಯಾಕೆ, ನನಗೆ ಕಣ್ಣಿಲ್ವಾ?"

ಅವರು ಡ್ರಾಯರ್ ಎಳೆದು ಒಳಗಿದ್ದ ಅಷ್ಟೂ ಚಿಲಕಗಳನ್ನು ಗಲ್ಲಾದ ಮೇಲೆ ಸುರಿದರು. ಒಂದೊಂದಾಗಿ ನೋಡಿದರು. ಎಲ್ಲದರ ತೂತೂ ಹಾಗೇ ಇತ್ತು. ಅವನ್ನೆಲ್ಲ ಒಂದು ಗೋಣಿಚೀಲಕ್ಕೆ ಹಾಕಿ ಮೂಲೆಗೆ ತಳ್ಳಿ, "ನಾಳೆಯಿಂದ ಕೆಲಸಕ್ಕೆ ಬರ್ತೀರಾ?" ಎಂದು ಕೇಳಿದರು. ನನ್ನ ಗಂಡ ಹಿಂಜಸ್ ಮಾಡುವ ವರ್ಕ್‌ಶಾಪಿನಲ್ಲಿ ಪ್ರೆಸ್ ಮೆಷಿನ್ ನಡೆಸುತ್ತಿದ್ದ, ಆ ಮಾಲು ಇದೇ ಅಂಗಡಿಗೆ ಬರುತ್ತಿತ್ತು ಎನ್ನುವುದು ಅವರಿಗೆ ಗೊತ್ತಾದದ್ದು ವಾರದ ಮೇಲೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಹೆಂಗಸು ನಿಂತಿರುವುದು ಆಗ ಜನಕ್ಕೆ ಹೊಸದು. ಬಂದವರು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಸಾರ್ ಇಲ್ವಾ?" ಎನ್ನುತ್ತಿದ್ದರು. ಅಣ್ಣ ಪಕ್ಕದಲ್ಲೇ ನಿಂತಿದ್ದರೂ, ನನ್ನ ಕಡೆ ಕೈ ತೋರಿಸಿ, "ಅವರೇ ಸಾರ್. ಕೇಳಿ" ಎಂದು ಹೇಳಿ ನಟ್ಟು ಆಡಿಸಿಕೊಂಡು ಮೆಟ್ಟಿಲಿಗೆ ಹೋಗಿಬಿಡುತ್ತಿದ್ದರು.

ಅವರ ಮನೆತನ ಹುಳಿಮಾವು ಕಡೆಯ ಒಕ್ಕಲುತನದ್ದು. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಿಗೆ ಹೋಯಿತು. ಅಣ್ಣತಮ್ಮಂದಿರು ಬಾಡಿಗೆ ಮನೆಗಳನ್ನು ಕಟ್ಟಿಸಿ ಕೂತರು. ಇವರಿಗೆ ಕೂರಲು ಬರುತ್ತಿರಲಿಲ್ಲವಲ್ಲ, ಅಂಗಡಿ ಹಾಕಿದರು. "ನಮ್ಮ ಹೊಲದಲ್ಲಿ ಮನೆ ಏಳ್ತಾವೆ. ಬಾಗಿಲಿಗೆ ಹಾಕೋ ಹಿಂಜಸ್ಸಾದ್ರೂ ನಮ್ಮ ಕೈಯಿಂದ ಹೋಗ್ಲಿ ಅಂತ" ಎನ್ನುತ್ತಿದ್ದರು.

ಮೊದಲ ಗಿರಾಕಿಗಳೆಲ್ಲ ಅವರ ಹಳ್ಳಿಯ ಹಿರಿಯರು, ಓದು ಬಾರದವರು. ಅವರಿಗಾಗಿ ಪ್ರತಿ ಡ್ರಾಯರಿನ ಮುಖದ ಮೇಲೆ ಒಳಗಿರುವ ಸಾಮಾನಿನದೇ ಒಂದು ಮಾದರಿಯನ್ನು ತಂತಿಯಿಂದ ಕಟ್ಟಿದರು. ಹೆಸರಿಲ್ಲ, ನಂಬರಿಲ್ಲ. ಬೆರಳು ತೋರಿಸಿದರೆ ಸಾಕು. ಬೇರೆ ಅಂಗಡಿಗಳಲ್ಲೂ ಹಾಗೆ ಕಟ್ಟುವುದಿದೆ. ಆದರೆ ಅವರ ಕಟ್ಟಳೆ ಬೇರೆಯವರಿಗೆ ಇರಲಿಲ್ಲ. ಹೊಸ ಮಾಲು ಬಂದಾಗಲೆಲ್ಲ ಹಳೆಯ ಮಾದರಿ ಬಿಚ್ಚಿ, ಹೊಸ ಮಾಲಿನಿಂದಲೇ ಒಂದನ್ನು ಎತ್ತಿ ಕಟ್ಟಬೇಕು. ನೋಡಲು ಒಂದೇ ಥರ ಇದ್ದರೂ ಬಿಡುತ್ತಿರಲಿಲ್ಲ. ಒಮ್ಮೆ ಹಬ್ಬದ ಹಿಂದಿನ ದಿನ, ಅಂಗಡಿ ತುಂಬಾ ಜನ, ನಾನು ಸ್ಕ್ರೂ ಡ್ರಾಯರ್ ತುಂಬಿ ಮಾದರಿ ಬದಲಾಯಿಸದೆ ಬಿಟ್ಟೆ. ಜನ ಕಾಯುತ್ತಿದ್ದಂತೆಯೇ ಅವರು ಕಟಿಂಗ್ ಪ್ಲೇಯರ್ ಹಿಡಿದು ಏಣಿ ಹತ್ತಿದರು.

"ಎರಡೂ ಒಂದೇ ಅಣ್ಣ" ಎಂದೆ.

"ಇರಬೋದು. ಮುಂದೆ ಕಟ್ಟಿರೋದು ಬೇರೆ, ಒಳಗಿರೋದು ಬೇರೆ ಆಗಬಾರದು ಕಣಮ್ಮ."

ಇನ್ನೊಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಬಾಗಿಲನ್ನು ಮೂರು ಸಲ ಆಡಿಸಿ ನೋಡದೆ ಒಳಗೆ ಹೋಗುತ್ತಿರಲಿಲ್ಲ. ಪದ್ಮನಾಭನಗರದಲ್ಲಿ ಅವರ ಹಳೆಯ ಗಿರಾಕಿಯೊಬ್ಬರು ತೀರಿಕೊಂಡಾಗ ನಾವಿಬ್ಬರೂ ಹೋಗಿದ್ದೆವು. ಒಳಗೆ ಜನ ಅಳುತ್ತಿದ್ದಾರೆ; ಇವರು ಹೊಸಿಲಲ್ಲಿ ನಿಂತು ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದಾರೆ. ನನಗೆ ನಾಚಿಕೆಯಾಗಿ ತೋಳು ಹಿಡಿದು ಎಳೆದೆ. "ಮೇಲಿನ ಹಿಂಜಸ್ಸು ಸಡಿಲ ಆಗಿದೆ, ಇಷ್ಟು ಜನ ಓಡಾಡೋ ಹೊತ್ತಲ್ಲಿ ಬಿದ್ರೆ?" ಎಂದು ಪಿಸುಗುಟ್ಟಿದರು. ಮೂರನೆಯ ದಿನ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಸರಿಮಾಡಿ ಬಂದರು. ಆ ಮನೆಯವರು ಈಗಲೂ ನಮ್ಮಲ್ಲೇ ಕೊಳ್ಳುತ್ತಾರೆ.

ತೊಂಬತ್ತರ ದಶಕ ಪೂರ್ತಿ ಅಂಗಡಿ ಚೆನ್ನಾಗಿ ನಡೆಯಿತು. ಎಲ್ಲಿ ನೋಡಿದರೂ ಮನೆ ಏಳುತ್ತಿದ್ದವು. ಆಮೇಲೆ ಹೊರದೇಶದ ಮಾಲಿಗಿದ್ದ ತಡೆ ತೆಗೆದರು. ಚೀನಾದ ಬೀಗ, ಚೀನಾದ ನಲ್ಲಿ, ಚೀನಾದ ಹಿಂಜಸ್ಸು ಫಳಫಳ ಹೊಳೆಯುತ್ತಾ ಅರ್ಧ ಬೆಲೆಗೆ ಬಂದವು. ಮೇನ್ ರೋಡಿನಲ್ಲಿ ಒಂದು ದೊಡ್ಡ ಶೋರೂಮೂ ಆಯಿತು. ಒಂದು ಮಧ್ಯಾಹ್ನ ಅವರು ಗಿರಾಕಿಯ ಹಾಗೆ ಒಳಗೆ ಹೋಗಿ ನೋಡಿ ಬಂದರು.

"ಹೇಗಿದೆ ಅಣ್ಣ?"

"ಎಸಿ ಹಾಕಿದ್ದಾರೆ. ನಿಂತಲ್ಲೇ ಮೈ ತಣ್ಣಗಾಗುತ್ತೆ. ಆದ್ರೆ ಒಂದು ಸ್ಕ್ರೂ ಬೇಕು ಅಂದ್ರೆ ಕೊಡಲ್ಲ. ಪ್ಯಾಕೆಟ್ಟೇ ತಗೋಬೇಕಂತೆ." ಆವತ್ತು ನಟ್ಟುಗಳ ಸದ್ದು ಸಂಜೆಯವರೆಗೂ ನಿಲ್ಲಲಿಲ್ಲ.

ನಮ್ಮ ಸಿದ್ದಾಪುರದ ವರ್ಕ್‌ಶಾಪಿಗೆ ಅದಕ್ಕಿಂತ ಜೋರು ಪೆಟ್ಟು ಬಿತ್ತು. ಆರು ಜನ ಕೆಲಸ ಮಾಡುತ್ತಿದ್ದ ಜಾಗ. ವಾರಕ್ಕೆ ಮೂರು ದಿನ ಮಾತ್ರ ಮೆಷಿನ್ ಓಡಿಸತೊಡಗಿದರು. ನನ್ನ ಗಂಡ ಉಳಿದ ದಿನ ಮನೆಯಲ್ಲಿ ಕೂತು ಮಗಳ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ. ಹಾಕಿದ್ದಕ್ಕೇ ಮತ್ತೆ ಹಾಕುತ್ತಿದ್ದ.

ಆ ಸಮಯಕ್ಕೇ ಕೊಲಂಬೊದ ತಮಿಳರೊಬ್ಬರ ಪರಿಚಯವಾಯಿತು. ಮಗಳ ಓದಿಗೆಂದು ನಮ್ಮ ಹಿಂದಿನ ಕ್ರಾಸಿನಲ್ಲಿ ಮನೆ ಹಿಡಿದಿದ್ದವರು. ಅವರೇ ಸುದ್ದಿ ಹೇಳಿದ್ದು: ಎರಡು ದೇಶಗಳ ನಡುವೆ ಒಪ್ಪಂದವಾಗಿದೆ, ಇಲ್ಲಿ ತಯಾರಾದ ಮಾಲಿಗೆ ಅಲ್ಲಿ ಸುಂಕ ಇಳಿದಿದೆ, ಯುದ್ಧವೂ ನಿಂತ ಹಾಗಿದೆ, ಜನ ಮತ್ತೆ ಮನೆ ಕಟ್ಟುತ್ತಿದ್ದಾರೆ. ಚೀನಾ ಮಾಲು ಇಲ್ಲಿಂದ ಕಳಿಸಿದರೆ ಆ ರಿಯಾಯಿತಿ ಸಿಗದು. ಇಲ್ಲಿಯದೇ ಆಗಿರಬೇಕು. "ಇಲ್ಲಿಯದೇ" ಎಂದಾಗ ಇವರು ನನ್ನ ಮುಖ ನೋಡಿದರು. ಸಿದ್ದಾಪುರದ ಹಿಂಜಸ್ಸು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ಅತ್ತಿಗೆ ಒಪ್ಪಲಿಲ್ಲ. "ಯಾಕೆ, ಬೆಂಗಳೂರಲ್ಲಿ ಬಾಗಿಲುಗಳು ಮುಗಿದುಹೋದ್ವಾ?" ಎಂದು ನನ್ನೆದುರಿಗೇ ಕೇಳಿದರು.

"ಇಲ್ಲಿರೋ ಬಾಗಿಲಿಗೆಲ್ಲ ಚೀನಾದೋರು ಬಂದವ್ರಲ್ಲ."

"ಅದಲ್ಲ. ನಿಮಗೆ ಒಂದ್ಕಡೆ ಕೂರೋಕೆ ಬರಲ್ಲ, ಅಷ್ಟೇ. ಭಾಷೆ ಬರುತ್ತಾ ಅಲ್ಲಿದು?"

"ಡ್ರಾಯರ್ ಮೇಲೆ ಮಾದರಿ ಕಟ್ಟಿದ್ರೆ ಭಾಷೆ ಯಾಕೆ ಬೇಕು?"

ಇಲ್ಲಿ ನಾನು ಒಂದು ವಿಷಯ ಬರೆಯಬೇಕು. ಅತ್ತಿಗೆ ಇದನ್ನು ಓದುತ್ತಾರೆ, ಗೊತ್ತು.

ನನ್ನ ಅಕ್ಕ ಮಂಗಳೂರಿನಲ್ಲಿ, ಕಡಲಿಗೆ ಹತ್ತಿರದ ಮನೆಯಲ್ಲಿದ್ದಾಳೆ. ಆ ಮನೆ ಕಟ್ಟಿದಾಗ ನನ್ನ ಗಂಡ ಪ್ರೀತಿಯಿಂದ ಎಲ್ಲ ಬಾಗಿಲಿಗೂ ಸಿದ್ದಾಪುರದ ಹಿಂಜಸ್ಸು ಕಳಿಸಿದ್ದ. ಮರುವರ್ಷ ನಾನು ಅಕ್ಕನ ಬಾಣಂತನಕ್ಕೆ ಹೋದಾಗ ಹೊಸ ಬಾಗಿಲುಗಳ ಅಂಚಿನಲ್ಲಿ ಕೆಂಪು ನೀರು ಇಳಿದು ಒಣಗಿದ ಗೆರೆಗಳಿದ್ದವು. ಬಚ್ಚಲ ಬಾಗಿಲನ್ನು ಭುಜ ಕೊಟ್ಟು ತಳ್ಳಬೇಕಾಗಿತ್ತು. "ನಿಮ್ಮೂರ ಹಿಂಜಸ್ಸು ಈ ಗಾಳಿಗೆ ಬಾಳಲ್ಲ ಕಣೇ. ಇಲ್ಲಿ ಎಲ್ಲರೂ ಹಿತ್ತಾಳೇದು ಹಾಕಿಸ್ತಾರೆ. ನಿನ್ನ ಗಂಡಂಗೆ ಹೇಳ್ಬೇಡ, ನೊಂದ್ಕೋತಾನೆ" ಎಂದಳು ಅಕ್ಕ. ನಾನು ಹೇಳಲಿಲ್ಲ.

ಬೆಂಗಳೂರಿನ ಒಣಗಾಳಿಯಲ್ಲಿ ಇಪ್ಪತ್ತು ವರ್ಷ ಹಿಂಜಸ್ಸು ಮಾರಿದ ಮನುಷ್ಯನಿಗೆ ತುಕ್ಕು ಎಂದರೆ ಮಳೆಗೆ ನೆಂದ ಗೇಟು, ಅಷ್ಟೇ. ಆ ಶನಿವಾರ ಅವರು "ತಡೀತದಲ್ವೇನಮ್ಮಾ" ಎಂದು ಕೇಳಿದಾಗ ಅಕ್ಕನ ಮನೆಯ ಬಚ್ಚಲ ಬಾಗಿಲು ನನ್ನ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ರಟ್ಟು ಹಾಕುತ್ತಾ ಕೂತ ಗಂಡ ಬಂದ. ನಾನು ತಡೀತದೆ ಎಂದೆ.

ಕೊಲಂಬೊದ ವೆಳ್ಳವತ್ತೆಯಲ್ಲಿ ಆ ತಮಿಳರ ಜೊತೆ ಪಾಲಿನಲ್ಲಿ ಅಂಗಡಿ ಶುರುವಾಯಿತು. ಇಲ್ಲಿಂದ ಹೋದ ಆ ನಾಲ್ಕಿಂಚಿನ ಮಾದರಿಯನ್ನೇ ಅಲ್ಲಿನ ಮೊದಲ ಡ್ರಾಯರಿಗೆ ಕಟ್ಟಿದರು. ತಿಂಗಳಲ್ಲಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ಅಲ್ಲಿದ್ದಾಗ ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಅಂಗಡಿಗೆ ಫೋನು ಮಾಡುತ್ತಿದ್ದರು.

"ಸಿಂಹಳದೋರು ಬರ್ತಾರೆ, ಡ್ರಾಯರ್ ತೋರಿಸ್ತಾರೆ, ಬೆರಳಲ್ಲಿ ಎಷ್ಟು ಅಂತಾರೆ. ನಾನು ಕೊಡ್ತೀನಿ. ಇಬ್ಬರೂ ನಗ್ತೀವಿ. ಸಖತ್ತಾಗಿದೆ ಕಣಮ್ಮ!" ಹಿನ್ನೆಲೆಯಲ್ಲಿ ಒಂದು ಸದ್ದು ಬರುತ್ತಿತ್ತು. ಏನದು ಎಂದರೆ, "ಸಮುದ್ರ! ಎರಡು ಬೀದಿ ಆಚೆ" ಎಂದರು. ನಾನು ಏನೋ ನೆಪ ಹೇಳಿ ಫೋನ್ ಇಟ್ಟೆ.

ಹನ್ನೊಂದು ತಿಂಗಳು ನನ್ನ ಗಂಡ ಭಾನುವಾರವೂ ಕೆಲಸಕ್ಕೆ ಹೋದ. ಮಗಳಿಗೆ ಸೈಕಲ್ ಬಂತು. ಪ್ರತಿ ಸೋಮವಾರ ಫೋನು ಬಡಿದುಕೊಂಡಾಗ ನಾನೇ ಓಡಿಹೋಗಿ ಎತ್ತುತ್ತಿದ್ದೆ. ಈ ವಾರ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅವರ ದನಿಯಲ್ಲಿ ಖುಷಿಯಿದ್ದರೆ ಮುಂದಿನ ವಾರ ಎಂದುಕೊಳ್ಳುತ್ತಿದ್ದೆ.

ಒಂದು ಸೋಮವಾರ ಫೋನು ಬರಲಿಲ್ಲ. ಎರಡು ದಿನದ ಮೇಲೆ ಅವರೇ ಬಂದರು. ವಿಮಾನ ಇಳಿದು ನೇರವಾಗಿ ಅಂಗಡಿಗೆ. ಬಟ್ಟೆ ಚೀಲವನ್ನು ಗಲ್ಲಾದ ಮೇಲೆ ಇಟ್ಟರು. ಒಳಗೆ ಹಿಂಜಸ್ಸುಗಳು, ಇಟ್ಟಿಗೆಯ ಬಣ್ಣದವು.

"ತೆಗೆದು ನೋಡು."

ನಾನು ಎರಡು ಕೈಯಲ್ಲೂ ಹಿಡಿದು ಎಳೆದೆ. ತೆರೆಯಲಿಲ್ಲ. ಅಂಗೈಯೆಲ್ಲಾ ಕೆಂಪಾಯಿತು.

"ಸಮುದ್ರದ ಗಾಳಿ ಅಮ್ಮ. ಉಪ್ಪು. ಡ್ರಾಯರ್ ಮೇಲೆ ಕಟ್ಟಿದ್ದು ಸಹಿತ ಹೀಗೇ ಆಗಿದೆ. ಗಿರಾಕಿಗಳು ಅದನ್ನು ನೋಡ್ತಾರೆ, ನನ್ನ ಮುಖ ನೋಡ್ತಾರೆ." ಚೀಲದ ಬಾಯಿ ಮುಚ್ಚಿ, "ನಮ್ಮಲ್ಲಿ ಯಾರಿಗೂ ಇದು ಹೊಳೀಲೇ ಇಲ್ಲ ನೋಡು" ಎಂದರು.

ಆಗಲಾದರೂ ಹೇಳಬಹುದಿತ್ತು. ನಾನು ಒದ್ದೆ ಬಟ್ಟೆ ತಂದು ಗಲ್ಲಾದ ಮೇಲೆ ಬಿದ್ದ ತುಕ್ಕಿನ ಪುಡಿ ಒರೆಸಿದೆ.

ಕೊಲಂಬೊದ ಪಾಲುದಾರರು ಒಂದು ದಾರಿ ಹೇಳಿದರಂತೆ: ಕಬ್ಬಿಣದ್ದು ನಿಲ್ಲಿಸಿ ಹಿತ್ತಾಳೆಯದು ಇಡೋಣ, ಆರು ತಿಂಗಳಲ್ಲಿ ಜನ ಮರೆಯುತ್ತಾರೆ. ಇವರು, "ಜನ ಮರೀತಾರೆ ಸಾರ್. ದಿನಾ ಬಾಗಿಲು ತಳ್ಳೋವಾಗ ಮತ್ತೆ ಜ್ಞಾಪಕ ಬರುತ್ತೆ" ಎಂದರಂತೆ. ಹುಳಿಮಾವಿನಲ್ಲಿ ಅವರ ಪಾಲಿಗೆ ಉಳಿದಿದ್ದ ಕೊನೆಯ ಸೈಟನ್ನು ಮಾರಿದರು. ಹಿತ್ತಾಳೆಯ ಹಿಂಜಸ್ಸು ಕೊಂಡರು. ತಾವು ಕಬ್ಬಿಣದ ಹಿಂಜಸ್ಸು ಮಾರಿದ್ದ ಪ್ರತಿ ಮನೆಗೂ ತಾವೇ ಸ್ಕ್ರೂಡ್ರೈವರ್ ಹಿಡಿದು ಹೋದರು. ಬಿಲ್ಲು ಕೇಳಲಿಲ್ಲ. ವಿಳಾಸ ಗೊತ್ತಿಲ್ಲದ ಕಡೆ ತುಕ್ಕು ಹಿಡಿದ ಒಂದು ಹಿಂಜಸ್ಸನ್ನು ಕೈಯಲ್ಲಿ ಎತ್ತಿ ತೋರಿಸಿಕೊಂಡು ಬೀದಿ ತಿರುಗಿದರಂತೆ. ಅದನ್ನು ನೋಡಿ ಜನರೇ ಬಾಗಿಲಿಂದ ಕೈಬೀಸಿ ಕರೆಯುತ್ತಿದ್ದರಂತೆ. ಬಿಸಿಲಿನಲ್ಲಿ, ಐವತ್ತು ದಾಟಿದ ಮೇಲೆ, ಒಂದೂವರೆ ವರ್ಷ. ಅವರ ಎದೆನೋವು ಶುರುವಾದದ್ದು ಅಲ್ಲೇ.

ಎಲ್ಲ ಬಾಗಿಲು ಮುಗಿದ ಮೇಲೆ ಅಂಗಡಿಯನ್ನು ಪಾಲುದಾರರಿಗೆ ಬಿಟ್ಟು ಬಂದರು. ಅದು ಹಿತ್ತಾಳೆ ಮಾಲು ಇಟ್ಟುಕೊಂಡು ಈಗಲೂ ನಡೆಯುತ್ತಿದೆ, ಡ್ರಾಯರ್‌ಗಳ ಮೇಲೆ ಮಾದರಿ ಕಟ್ಟುವುದೂ ಇದೆ ಎಂದು ಕೇಳಿದ್ದೇನೆ. ಸಿದ್ದಾಪುರದ ವರ್ಕ್‌ಶಾಪ್ ಮುಚ್ಚಿತು. ನನ್ನ ಗಂಡ ಬಿ.ಟಿ.ಎಂ. ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನೀರಿನ ಪಂಪು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಅದನ್ನು ಕೊಡಿಸಿದ್ದೂ ಅವರೇ.

ಕೊಲಂಬೊದಿಂದ ಬಂದ ಮೇಲೆ ಅವರು ಮೆಟ್ಟಿಲ ಮೇಲೆ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಸ್ಟೂಲಿನ ಮೇಲಿನ ಪೇಂಟ್ ಡಬ್ಬ ಒಂದು ದಿನ ಕೆಳಗಿಳಿಯಿತು. ಅವರು ಸ್ಟೂಲಿನ ಮೇಲೆ ಕೂತರು. ಆದರೂ ಕೈಯಲ್ಲಿ ನಟ್ಟು ಇದ್ದವು.

ಎದೆನೋವು ಜಾಸ್ತಿಯಾಗಿ ಅವರನ್ನು ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದರು. "ಬರೋವಾಗ ಅಂಗಡಿಯಿಂದ ಎಣ್ಣೆ ಡಬ್ಬಿ ತರಬೇಕಂತೆ. ವಾರ್ಡಿನ ಬಾಗಿಲು ಕಿರ್ ಅಂತದಂತೆ, ಇವರಿಗೆ ನಿದ್ದೆ ಇಲ್ಲ. ಏನು ಮಾಡ್ಲಿ ಹೇಳು ಈ ಮನುಷ್ಯನ್ನ ಕಟ್ಕೊಂಡು."

ನಾನು ತೆಗೆದುಕೊಂಡು ಹೋದೆ. ನರ್ಸು ಬೈದರು. ಅವರು ಹಾಸಿಗೆಯಿಂದಲೇ, "ಕೆಳಗಿನದಕ್ಕೆ ಇನ್ನೊಂದು ತೊಟ್ಟು. ಈಗ ಆಡಿಸು. ಮೂರು ಸಲ" ಎಂದು ಹೇಳಿಕೊಟ್ಟರು. ಬಾಗಿಲು ಸದ್ದಿಲ್ಲದೆ ಮುಚ್ಚಿತು. ಅತ್ತಿಗೆ ಕಾಫಿ ತರಲು ಕೆಳಗೆ ಹೋದರು. ಈಗ ಹೇಳುತ್ತೇನೆ ಎಂದು ನಾನು ಸ್ಟೂಲನ್ನು ಹತ್ತಿರ ಎಳೆದುಕೊಂಡೆ.

ಅವರೇ ಮೊದಲು ಮಾತಾಡಿದರು. "ನಿಮ್ಮಕ್ಕ ಮಂಗಳೂರಲ್ಲಿ ಅಲ್ವೇನಮ್ಮಾ ಇರೋದು?"

"ಹೌದಣ್ಣ."

"ಸಮುದ್ರದ ಹತ್ತಿರಾನೇ?"

"ಹೌದು."

"ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ ಅಣ್ಣ."

ಅವರು ತಲೆಯಾಡಿಸಿದರು. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ಹೇಳಿಬಿಡುತ್ತಿದ್ದೆ. ನನ್ನ ಕೈಯಿಂದ ಎಣ್ಣೆ ಡಬ್ಬಿ ತೆಗೆದುಕೊಂಡು, ಮುಚ್ಚಳ ಸರಿಯಾಗಿ ತಿರುಗಿಸಿ, ಮತ್ತೆ ನನ್ನ ಕೈಗೇ ಕೊಟ್ಟರು. "ಚೀಲದಲ್ಲಿ ಸೋರುತ್ತೆ, ನೋಡ್ಕೊ" ಎಂದರು. ಅತ್ತಿಗೆ ಕಾಫಿ ತಂದರು. ಮಾರನೆಯ ದಿನ ಬೆಳಿಗ್ಗೆ ಅವರು ಇರಲಿಲ್ಲ.

ಅವರಿಗೆ ಗೊತ್ತಿತ್ತೋ, ಸುಮ್ಮನೆ ಅಕ್ಕನನ್ನು ವಿಚಾರಿಸಿದರೋ, ನನಗೆ ತಿಳಿಯದು. ಅಂಗಡಿಯನ್ನು ಈಗ ಅತ್ತಿಗೆಯೂ ನಾನೂ ನಡೆಸುತ್ತೇವೆ. ಹೊಸ ಮಾಲು ಬಂದಾಗ ನಾನೇ ಏಣಿ ಹತ್ತಿ ಮಾದರಿ ಬದಲಾಯಿಸುತ್ತೇನೆ. ಎಲ್ಲ ಡ್ರಾಯರ್‌ಗಳೂ ಸರಿಯಾಗಿವೆ, ಮೂರನೇ ಸಾಲಿನ ಏಳನೆಯದು ಬಿಟ್ಟು. ಆ ಶನಿವಾರ ಅವರು ಮಾದರಿ ಬಿಚ್ಚಿಕೊಂಡ ಮೇಲೆ ಅದಕ್ಕೆ ಬೇರೆಯದು ಕಟ್ಟಿಲ್ಲ. "ಒಂದು ಎತ್ತಿ ಕಟ್ಟಬಾರದಾ, ಖಾಲಿ ಕಾಣುತ್ತೆ" ಎಂದು ಅತ್ತಿಗೆ ಹೇಳುತ್ತಲೇ ಇರುತ್ತಾರೆ. ಒಳಗೆ ಸಿದ್ದಾಪುರದ ಹದಿನಾಲ್ಕು ಹಿಂಜಸ್ಸುಗಳು ಇವೆ. ಮುಂದೆ ಒಂದೂ ಇಲ್ಲ.